ಕಾಪು ವಾಲಿಬಾಲ್ ತಂಡದ ವೈಜ್ಞಾನಿಕ ಆಯ್ಕೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾಪುವಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಸಂಜೆ ಹೊತ್ತು ಊರಿನ ವಾಲಿಬಾಲ್ ತಂಡಕ್ಕೆ ಕೋಚ್. ಕೋಚ್ ಎಂದರೆ ಬದಿಯಲ್ಲಿ ನಿಂತು ಸೀಟಿ ಊದುವವನು. ಆಟಗಾರರು ಅವರಷ್ಟಕ್ಕೆ ಆಡುತ್ತಿದ್ದರು, ನಾನು ನನ್ನಷ್ಟಕ್ಕೆ ಊದುತ್ತಿದ್ದೆ. ಎಲ್ಲರೂ ಸುಖವಾಗಿದ್ದೆವು.

ಆ ಸುಖ ಕೆಟ್ಟದ್ದು ನಾನು ಮಣಿಪಾಲಕ್ಕೆ ಹೋಗಿ ಬಂದ ಮೇಲೆ. ಅಲ್ಲಿ ದೈಹಿಕ ಶಿಕ್ಷಕರ ಶಿಬಿರವೊಂದರಲ್ಲಿ ಡಾಕ್ಟರೊಬ್ಬರು ಕ್ರೀಡಾಪಟುಗಳ ದೇಹಶಕ್ತಿಯನ್ನು ಅಳೆಯುವುದು ಹೇಗೆಂದು ಉಪನ್ಯಾಸ ಕೊಟ್ಟರು. ಬೆಂಚು ಹತ್ತಿಸಿ ಇಳಿಸಿ ನಾಡಿ ನೋಡಬೇಕು. ಗೋಡೆಯ ಪಕ್ಕ ಹಾರಿಸಿ ಎತ್ತರ ಅಳೆಯಬೇಕು. ಎರಡು ಗೆರೆಗಳ ನಡುವೆ ಓಡಿಸಿ ಸಮಯ ಹಿಡಿಯಬೇಕು. ಮಧ್ಯಾಹ್ನದ ಊಟದ ನಂತರದ ಉಪನ್ಯಾಸವಾದ್ದರಿಂದ ಅರ್ಧದಲ್ಲಿ ನನಗೆ ಸೊಗಸಾದ ನಿದ್ದೆ ಬಂತು. ಎಚ್ಚರವಿದ್ದಾಗ ಕೇಳಿದ್ದೇ ಕಾಪುವಿಗೆ ಧಾರಾಳವಾಯಿತು ಎಂಬ ತೀರ್ಮಾನಕ್ಕೆ ಬಂದು ಬಸ್ಸು ಹತ್ತಿದೆ.

"ಈ ಸಲ ಕಾರ್ಕಳದ ಪಂದ್ಯಾಟಕ್ಕೆ ತಂಡದ ಆಯ್ಕೆ ಸಂಪೂರ್ಣ ವೈಜ್ಞಾನಿಕ!" ಎಂದು ಮನೆಯಲ್ಲಿ ಘೋಷಿಸಿದೆ.

"ಎಂತಕ್ಕೆ? ಸದಾನಂದ ಇದ್ದಾನಲ್ಲ, ಸಾಕಲ್ವಾ?" ಎಂದಳು ಹೆಂಡತಿ ವಸಂತಿ.

ಸದಾನಂದ ಮೀನುಗಾರಿಕೆಯ ದೋಣಿಯಲ್ಲಿ ದುಡಿಯುವವನು, ನಮ್ಮ ತಂಡದ ಮುಖ್ಯ ಹೊಡೆತಗಾರ. ಅವನು ಹೊಡೆದ ಚೆಂಡನ್ನು ನೆಲದಿಂದ ತೆಗೆಯಲು ಹಾರೆ ಬೇಕೆಂದು ಊರಲ್ಲಿ ತಮಾಷೆ ಮಾಡುತ್ತಿದ್ದರು.

"ಹೊಡೆಯುವುದು ಬೇರೆ, ಫಿಟ್‌ನೆಸ್ ಬೇರೆ" ಎಂದು ನಾನು ಗಂಭೀರವಾಗಿ ನುಡಿದು, ಅವಳು ತವರಿನಿಂದ ತಂದ ಹಲಸಿನ ಮರದ ಸ್ಟೂಲಿನ ಮೇಲೆ ಹತ್ತಿ ಇಳಿದು ತೋರಿಸಿದೆ. ಹತ್ತಿದ್ದು ನೆನಪಿದೆ. ಇಳಿದದ್ದು ಸ್ಟೂಲಿನ ಸಮೇತ!

"ನನ್ನ ಅಜ್ಜಿಯ ಕಾಲದ ಸ್ಟೂಲು ಅದು" ಎಂದಳು ವಸಂತಿ, ಮುರಿದ ಕಾಲನ್ನು ಕೈಯಲ್ಲಿ ಹಿಡಿದು. ಅವಳು ಹಿಡಿದಿದ್ದ ರೀತಿ ನೋಡಿ ನಾನು ಉಪನ್ಯಾಸ ನಿಲ್ಲಿಸಿದೆ.

ಭಾನುವಾರ ಬೆಳಿಗ್ಗೆ ತಂಡವನ್ನು ಶಾಲೆಗೆ ಕರೆಸಿದೆ. ಮೊದಲು ಎತ್ತರ ಜಿಗಿತ. ಬೆರಳಿಗೆ ಬಣ್ಣ ಹಚ್ಚಿಕೊಂಡು ಹಾರಿ ಗೋಡೆ ಮುಟ್ಟಬೇಕು, ಗುರುತು ಮೂಡಿದಲ್ಲಿ ಅಳೆಯಬೇಕು. ಶಾಲೆಗೆ ಆಗಷ್ಟೇ ಸುಣ್ಣ ಬಳಿದಿದ್ದರಿಂದ ಬಿಳಿ ಸೀಮೆಸುಣ್ಣದ ಗುರುತು ಗೋಡೆಯಲ್ಲಿ ಕಾಣುವಂತಿರಲಿಲ್ಲ. ವಿಜ್ಞಾನಿಗೆ ಸಮಯಸ್ಫೂರ್ತಿ ಬೇಕು! ಬಟ್ಟೆಗೆ ಹಾಕುವ ನೀಲಿ ಕಲಸಿ ಕೊಟ್ಟೆ.

"ಮಾಸ್ಟ್ರೇ, ಇದು ಗೋಡೆಯಿಂದ ಹೋಗ್ತದಾ?" ಎಂದು ಕೇಳಿದ ತಂಡದ ಇಸಾಕ್. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡವನು, ಬಣ್ಣದ ವಿಷಯ ಬಲ್ಲವನು.

"ಧಾರಾಳ ಹೋಗ್ತದೆ" ಎಂದೆ. ಹೋಗಲಿಲ್ಲ.

ಮುಂದೆ ಬೆಂಚಿನ ಪರೀಕ್ಷೆ. ಸದಾನಂದ ಕಡಲಿನಿಂದ ನೇರವಾಗಿ ಬಂದಿದ್ದ. ಕಣ್ಣು ಕೆಂಪು, ಮೈಯೆಲ್ಲ ಬಂಗುಡೆ ಮೀನಿನ ವಾಸನೆ.

"ಮಾಸ್ಟ್ರೇ, ನಿದ್ದೆ ಇಲ್ಲದೆ ಬಲೆ ಎಳೆದು ಬಂದದ್ದು. ನಾಳೆ ಮಾಡುವನಾ?"

"ವಿಜ್ಞಾನಕ್ಕೆ ನಾಳೆ ಎಂಬುದಿಲ್ಲ!"

ಅವನು ಬೆಂಚು ಹತ್ತಿದ. ಇಳಿಯಲಿಲ್ಲ. ಅಲ್ಲೇ ಉದ್ದಕ್ಕೆ ಮಲಗಿ ಗೊರಕೆ ಹೊಡೆಯತೊಡಗಿದ. ನಾಡಿಯನ್ನಾದರೂ ನೋಡೋಣವೆಂದು ಮಣಿಕಟ್ಟು ಹಿಡಿದೆ. ಬಲೆ ಎಳೆದು ಎಳೆದು ದಪ್ಪವಾದ ಆ ಕೈಯಲ್ಲಿ ಎಲ್ಲಿ ಒತ್ತಿದರೂ ನಾಡಿ ಸಿಗಲೊಲ್ಲದು. ಅವನು ಒಂದು ಕಣ್ಣು ತೆರೆದ.

"ಎಂತ ಮಾಸ್ಟ್ರೇ, ನಾನು ಹೋದೆನಾ?"

"ಜೀವ ಹೋಗಿಲ್ಲ ಮಾರಾಯ, ಪರೀಕ್ಷೆ ಹೋಯಿತು" ಎಂದೆ.

ಎಲ್ಲ ಪರೀಕ್ಷೆಗಳಲ್ಲೂ ಮೊದಲಿಗನಾದವನು ಇಕ್ಬಾಲ್. ಇಸಾಕನ ಹೆಂಡತಿಯ ತಮ್ಮ, ಗಲ್ಫಿನಿಂದ ರಜೆಯಲ್ಲಿ ಬಂದವನು. ಬಿಳಿ ಬೂಟು ಹಾಕಿಕೊಂಡು ಸುಮ್ಮನೆ ನೋಡಲು ನಿಂತಿದ್ದವನನ್ನು ನಾನೇ ಎಳೆದು ಓಡಿಸಿದ್ದೆ. ಜಿಂಕೆಯಂತೆ ಓಡಿದ, ಬೆಂಚನ್ನು ಹೂವಿನಷ್ಟು ಹಗುರವಾಗಿ ಹತ್ತಿ ಇಳಿದ.

"ಬೇಡ ಮಾಸ್ಟ್ರೇ, ನಾನು ಊರಿಗೆ ಬಂದದ್ದು ಹುಡುಗಿ ನೋಡ್ಲಿಕ್ಕೆ" ಎಂದ ಇಕ್ಬಾಲ್.

"ಇವನಿಗೆ ಚೆಂಡು ಕಂಡರೆ ಹೆದರಿಕೆ ಉಂಟು" ಎಂದು ಇಸಾಕ್ ನನ್ನ ಕಿವಿಯಲ್ಲಿ ಹೇಳಿದ.

ಹೆದರಿಕೆಯನ್ನು ಅಳೆಯಲು ಡಾಕ್ಟರು ಏನೂ ಹೇಳಿರಲಿಲ್ಲ. ನಾನು ನಿದ್ದೆಯಲ್ಲಿದ್ದಾಗ ಹೇಳಿರಬಹುದು. ಸದಾನಂದನನ್ನು ಕೈಬಿಟ್ಟು ಇಕ್ಬಾಲನನ್ನು ಸೇರಿಸಿಕೊಂಡೆ. ಇಸಾಕ್ ತಲೆ ಚಚ್ಚಿಕೊಂಡ. ಸದಾನಂದ ಮಾತ್ರ, "ಆಯ್ತು, ನಾನು ನೋಡ್ಲಿಕ್ಕೆ ಬರ್ತೇನೆ" ಎಂದ.

ಮರುದಿನ ಹೆಡ್‌ಮಾಸ್ತರರು ತಮ್ಮ ಕೋಣೆಯ ಹೊರಗೋಡೆಯ ಮುಂದೆ ನಿಂತಿದ್ದರು. ಗೋಡೆಯ ತುಂಬ ನೀಲಿ ಕೈಗಳು!

"ಎಂತ ಇದು? ಭೂತದ ಕಾಟವಾ?"

"ಸರ್, ಇದು ಸ್ನಾಯುಶಕ್ತಿಯ ದಾಖಲೆ..."

"ಸಂಜೆಯೊಳಗೆ ದಾಖಲೆ ಅಳಿಸಿ!"

ನಾನೇ ಸುಣ್ಣ ಬಳಿದೆ. ನೀಲಿ ಕಾಣದಂತಾಗುವವರೆಗೆ ಬಳಿದೆ. ಪಂದ್ಯಾಟದ ದಿನ ತೋಳು ಎತ್ತಲಾಗದ ಸ್ಥಿತಿಯಲ್ಲೇ ತಂಡದೊಂದಿಗೆ ಕಾರ್ಕಳದ ಬಸ್ಸು ಹತ್ತಿದೆ. ಸದಾನಂದ ಹಿಂದಿನ ಸೀಟಿನಲ್ಲಿ ಕಾರ್ಕಳದವರೆಗೂ ಗಡದ್ದಾಗಿ ನಿದ್ದೆ ಮಾಡಿದ.

ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಆತಿಥೇಯ ಕಾರ್ಕಳ ತಂಡದ ನಾಯಕ ಓಡಿ ಬಂದು ಕೈಮುಗಿದ.

"ಮಾಸ್ಟ್ರೇ, ನಮ್ಮ ಒಬ್ಬನ ಕಾಲು ಉಳುಕಿದೆ. ನಿಮ್ಮಲ್ಲಿ ಒಬ್ಬ ಹೆಚ್ಚಿಗೆ ಉಂಟಲ್ಲ, ಕೊಡ್ತೀರಾ?"

ಕ್ರೀಡಾ ಮನೋಭಾವ ಎಂಬುದು ಆ ಕ್ಷಣದಲ್ಲಿ ನನ್ನಲ್ಲಿ ಉಕ್ಕಿ ಹರಿಯಿತು. "ಕೊಂಡು ಹೋಗಿ!" ಎಂದು ಸದಾನಂದನನ್ನು ದಾನ ಮಾಡಿದೆ. ಅವರ ಮೊದಲ ಪಂದ್ಯ ಯಾರ ಜೊತೆ ಎಂದು ಕೇಳಲು ಮರೆತೆ. ನಮ್ಮ ಜೊತೆ!

ಆಮೇಲೆ ನಡೆದದ್ದನ್ನು ಪಂದ್ಯ ಎನ್ನಲಾಗದು. ಚೆಂಡು ಎಡಕ್ಕೆ ಬಂದರೆ ಇಕ್ಬಾಲ್ ಬಲಕ್ಕೆ ಓಡಿದ. ಬಲಕ್ಕೆ ಬಂದರೆ ಎಡಕ್ಕೆ. ಎಂಥ ವೇಗ! ಇಡೀ ಆಟದಲ್ಲಿ ಒಮ್ಮೆಯೂ ಚೆಂಡಿಗೆ ಅವನನ್ನು ಹಿಡಿಯಲಾಗಲಿಲ್ಲ.

ಅತ್ತ ಸದಾನಂದ ಬಲೆಯ ಆಚೆಯಿಂದ ಹಾರಿ ಹಾರಿ ಹೊಡೆಯುತ್ತಿದ್ದ. ಪ್ರತಿ ಹೊಡೆತಕ್ಕೂ ಪಾಪ, "ಸಾರಿ ಮಾಸ್ಟ್ರೇ!" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಕ್ಕರು. ನಮ್ಮವರು ಬೆವರುವ ಮೊದಲೇ ಸೋತರು. ಇಸಾಕ್ ನನ್ನ ಮುಖ ನೋಡದೆ ಟವೆಲ್ಲಿನೊಳಗೆ ಮುಖ ಹುದುಗಿಸಿ ಕುಳಿತ.

ಸಂಜೆ ಕಾರ್ಕಳ ತಂಡ ಕಪ್ ಗೆದ್ದಿತು. ಸದಾನಂದನೇ ಶ್ರೇಷ್ಠ ಆಟಗಾರ. ನಿರೂಪಕರು ಅವನಿಗೆ ಮೈಕ್ ಹಿಡಿದು, "ನಿಮ್ಮ ಈ ಸಾಧನೆಗೆ ಕಾರಣ ಯಾರು?" ಎಂದು ಕೇಳಿದರು.

"ನಮ್ಮ ಮಾಸ್ಟ್ರು" ಎಂದ ಸದಾನಂದ. ಅವನ ದನಿಯಲ್ಲಿ ಲವಲೇಶವೂ ಕುಹಕವಿರಲಿಲ್ಲ. "ಅವರು ಇಲ್ಲದಿದ್ದರೆ ನಾನು ಇವತ್ತು ಈ ತಂಡದಲ್ಲಿ ಆಡ್ತಾ ಇರ್ಲಿಲ್ಲ."

ಅಕ್ಷರಶಃ ಸತ್ಯ!

"ಗುರುಗಳು ವೇದಿಕೆಗೆ ಬರಬೇಕು, ಎರಡು ಮಾತಾಡಬೇಕು!" ಎಂಬ ಕರೆ ಮೊಳಗಿತು. ವೇದಿಕೆ ಇದ್ದದ್ದು ಎತ್ತರದ ಬಂಡೆಯೊಂದರ ಮೇಲೆ. ಈ ಅವಮಾನ ಬೇಗ ಮುಗಿಯಲೆಂದು ಮೆಟ್ಟಿಲುಗಳನ್ನು ಒಂದೇ ಓಟದಲ್ಲಿ ಹತ್ತಿದೆ. ಕೊರಳಿಗೆ ಮಾಲೆ ಬಿತ್ತು, ಬಾಯಿಯ ಮುಂದೆ ಮೈಕ್ ಬಂತು. ಆದರೆ ಬಾಯಿಂದ ಮಾತು ಬರಲಿಲ್ಲ. "ಹುಸ್ಸ್... ಹುಸ್ಸ್..." ಎಂಬ ಸದ್ದಷ್ಟೇ ಮೈದಾನದ ನಾಲ್ಕೂ ಮೂಲೆಯ ಧ್ವನಿವರ್ಧಕಗಳಲ್ಲಿ ಗಾಳಿಮಳೆಯಂತೆ ಮೊಳಗಿತು.

ನಿರೂಪಕರು ಕೆಳಗೆ ಬಗ್ಗಿ ಕೂಗಿದರು: "ಮೈಕ್ ಸರಿ ಮಾಡಿ ಮಾರಾಯ್ರೇ, ಬರೀ ಗಾಳಿ ಬರ್ತಾ ಉಂಟು!"

ಕೆಳಗಿನಿಂದ ಮೈಕಿನವನು ಅಷ್ಟೇ ಗಟ್ಟಿಯಾಗಿ ಕೂಗಿದ: "ಮೈಕ್ ಸರಿ ಉಂಟು! ರಿಪೇರಿ ಆಗಬೇಕಾದದ್ದು ಮಾಸ್ಟ್ರು!"