ಚುಕ್ಕಿಯ ಸಾಕ್ಷಿ, ನೀರಿನ ಪಾಳಿ

ಜಗಳ ಹುಟ್ಟಿದ್ದು ಎರಡು ಕೈಗಡಿಯಾರಗಳಿಂದ.

ಹುಣಸಗಿ ಕಡೆಯ ಆ ಊರಿಗೆ ಕೃಷ್ಣೆಯ ಕಾಲುವೆ ಬಂದು ಎಂಟು ವರ್ಷವಾಗಿತ್ತು. ವಿಜ್ಞಾನದ ಮಾಸ್ತರ ಮರಿಲಿಂಗಪ್ಪನವರ ಎರಡು ಎಕರೆ ಶೇಂಗಾ, ಪಕ್ಕದ ಹೊಲದ ಖಂಡಪ್ಪನ ಮೂರು ಎಕರೆ, ಎರಡಕ್ಕೂ ಒಂದೇ ಗೇಟು. ಮೂರು ದಿನ ಇವರಿಗೆ ನೀರು, ಮೂರು ದಿನ ಅವನಿಗೆ. ರಾತ್ರಿ ಎಂಟಕ್ಕೆ ಪಾಳಿ ಬದಲು. ಖಂಡಪ್ಪನ ಗಡಿಯಾರ ಮಾತ್ರ ಊಟಕ್ಕೆ ಮೊದಲು ಬಂದು ಪಾತ್ರೆ ತೊಳೆಯುವಾಗ ಕಾಣೆಯಾಗುವ ಬೀಗನಂತೆ: ನೀರು ತಗೊಳ್ಳುವಾಗ ಅರ್ಧ ತಾಸು ಮುಂದೆ, ಬಿಡುವಾಗ ಅರ್ಧ ತಾಸು ಹಿಂದೆ.

ಡಿಸೆಂಬರಿನ ಒಂದು ಮುಂಜಾನೆ ಚಹಾದ ಹೋಟೆಲಿನಲ್ಲಿ ಇಬ್ಬರೂ ಮುಂಗೈ ಚಾಚಿ ನಿಂತರು. ನಡುವೆ ಗೇಟು ಕಾಯುವ ಖಾಜಾಹುಸೇನ ಸಿಕ್ಕಿಬಿದ್ದಿದ್ದ.

“ನನ್ನ ಹತ್ರ ಗಡಿಯಾರಾನೇ ಇಲ್ಲ ಮಾಸ್ತರ್ ಸಾಬ್. ಯಾರು ಜೋರು ಒದರ್ತಾರ, ಅವರ ಕಡಿ ತಿರುವ್ತೀನಿ” ಎಂದ.

ಮಾಸ್ತರರ ಬಾಯಿಂದ ಮಾತು ಜಾರಿತು. “ಯಾರೂ ಕೀಲಿ ಕೊಡಾಕ ಬರಲಾರದ ಗಡಿಯಾರ ಒಂದದ. ಇವತ್ತ ರಾತ್ರಿ ಎಂಟಕ್ಕ ಆಕಾಶದಾಗ ಒಂದು ಚುಕ್ಕಿ ಬಾಡತದ. ಪೂರಾ ಬಾಡಿದಾಗ ಗೇಟ್ ತಿರುವು.”

ಮೂರು ಚಳಿಗಾಲ ಮಾಳಿಗೆಯ ಮೇಲೆ ಒಬ್ಬರೇ ಕೂತು ಅವರು ಆ ಚುಕ್ಕಿಯನ್ನು ಕಾದಿದ್ದರು. ಯಾರಿಗೂ ಹೇಳಿರಲಿಲ್ಲ. ಈಗ ಊರಿಗೆಲ್ಲ ಹೇಳಿದಂತಾಯಿತು.

ಹತ್ತು ಗಂಟೆಗೆ ‘ಮಾಸ್ತರು ಚುಕ್ಕಿ ಆರಿಸ್ತಾರಂತ’ ಎಂಬ ಸುದ್ದಿ. ಮಧ್ಯಾಹ್ನಕ್ಕೆ ಚುಕ್ಕಿಗಳೆಲ್ಲ ಆರಲಿದ್ದವು. ಹೆಡ್‌ಮಾಸ್ತರರು ಪಕ್ಕಕ್ಕೆ ಕರೆದು, “ಇಲಾಖೆ ಪರವಾನಗಿ ತಗೊಂಡೀರೇನು?” ಎಂದರು. ದಾರಿಯಲ್ಲಿ ಒಬ್ಬಳು ನಿಲ್ಲಿಸಿ, “ಯಪ್ಪಾ, ನಾಡದು ಮಗಳ ಲಗ್ನ ಅದ. ಅಷ್ಟ್ರೊಳಗ ಮತ್ತ ಹಚ್ತೀರಿಲ್ಲ?” ಎಂದು ಕೇಳಿದಳು. ಮನೆಯಲ್ಲಿ ಹೆಂಡತಿ ದೇವಕಮ್ಮ, “ಚುಕ್ಕಿ ಆರ್ಸೋದು ಇರ್ಲಿ, ಒಲಿ ಹಚ್ಚಾಕ ಕಟಗಿ ಇಲ್ಲ” ಎಂದಳು. ಮಾಸ್ತರರು ಲೆಕ್ಕವನ್ನು ಮೂರು ಸಲ ಮಾಡಿದರು. ಮೂರು ಸಲವೂ ಎಂಟೇ ಬಂತು. ಆದರೂ ನಾಲ್ಕನೇ ಸಲ ಕೂತರು.

ಏಳಕ್ಕೆ ಕಾಲುವೆಯ ದಂಡೆಯ ಮೇಲೆ ಅರ್ಧ ಊರು ಸೇರಿತ್ತು. ಖಂಡಪ್ಪನ ತಾಯಿ ತಿಮ್ಮವ್ವ ಕಂಬಳಿ ಹೊದ್ದು ಮುಂದೆಯೇ ಕೂತಿದ್ದಳು. ಮಾಸ್ತರರು ಈಶಾನ್ಯಕ್ಕೆ ಕೈ ತೋರಿಸುತ್ತ ಎರಡು ಹೆಜ್ಜೆ ಹಿಂದೆ ಸರಿದು ಹೊಲಗಾಲುವೆಯಲ್ಲಿ ಮೊಣಕಾಲುದ್ದ ಇಳಿದರು. ನಗು ಎದ್ದಿತು. ನೀರಿನಲ್ಲೇ ನಿಂತು ಅವರು ಮಾತು ಮುಂದುವರಿಸಿದರು.

“ಅಗೋ ಆ ಚುಕ್ಕಿ. ಬಾಜೂಕ ಸಣ್ಣದೊಂದು ಅದ, ನೋಡ್ರಿ. ದೊಡ್ಡದು ಕುಗ್ಗಿ ಆ ಸಣ್ಣದರಷ್ಟ ಆಗತದ. ಅದು ಒಂದಲ್ಲ, ಎರಡು. ಒಂದನ್ನೊಂದು ಸುತ್ತತಾವ. ಮಬ್ಬಿಂದು ಮುಂದ ಬಂದಾಗ ಹೊಳಿಯೋದರ ಬೆಳಕು ಮರೆ ಆಗತದ. ನಾವು ಈಗ ನೋಡಾಕತ್ತಿದ್ದು ನಿಜಾಮನ ಕಾಲಕ್ಕ ಹೊಂಟ ಬೆಳಕು.”

ನಗು ನಿಂತಿತು. ಕಾಯುವಾಗ ತಿಮ್ಮವ್ವ ಕೃತ್ತಿಕೆಯ ಗೊಂಚಲು ತೋರಿಸಿ, “ಅವು ಆರ ಅಲ್ಲೇನು?” ಎಂದಳು.

“ಕಣ್ಣಿಗೆ ಆರು, ಯವ್ವಾ. ಹಿಂದ ನೂರಾರು ಅದಾವ. ಎಲ್ಲಾ ಒಂದ ಮೋಡದಾಗ ಹುಟ್ಟಿದ್ವು.”

“ಒಂದ ಮನ್ಯಾಗ ಅಷ್ಟು ಮಂದಿ” ಎಂದಳು ಮುದುಕಿ ಮೆಲ್ಲಗೆ, “ನೀರಿಗೆ ಜಗಳಿಲ್ಲ ನೋಡು.”

ಎಂಟು ಸಮೀಪಿಸಿತು. ಚುಕ್ಕಿ ನಿಜಕ್ಕೂ ಕುಗ್ಗಿತ್ತು. ಯಾರೂ ಊದಲಿಲ್ಲ, ಯಾರೂ ಮುಟ್ಟಲಿಲ್ಲ. ಸಣ್ಣದರ ಪಕ್ಕ ಸಣ್ಣದಾಗಿ ನಿಂತಿತು. ಕಾಲುವೆಯ ನೀರಿನ ಸದ್ದೊಂದೇ ಕೇಳುತ್ತಿತ್ತು. ಖಂಡಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಮಾಸ್ತರರ ಕಣ್ಣು ತುಂಬಿ ಬಂತು. ಮೂರು ವರ್ಷ ಒಬ್ಬರೇ ಕಂಡದ್ದನ್ನು ಇಂದು ಊರೇ ಕಂಡಿತ್ತು.

ಖಾಜಾಹುಸೇನ ಗೇಟು ತಿರುವಿದ. ನೀರು ಖಂಡಪ್ಪನ ಹೊಲಕ್ಕೆ ಹೊರಳಿತು, ಒಂದು ನಿಮಿಷವೂ ಮೊದಲಲ್ಲ.

“ತಪ್ಪಾತ್ರಿ ಮಾಸ್ತರ” ಎಂದ ಖಂಡಪ್ಪ. “ಇನ್ನ ಗಡಿಯಾರದ ಮಾತ ಬ್ಯಾಡ. ಚುಕ್ಕಿ ಬಾಡಿದ್ದು ನಾಕು ಮಂದಿ ಕಣ್ಣಿಗೆ ಕಂಡಾಗ ಪಾಳಿ ಬದಲು. ಕಬೂಲೇನು?”

“ಕಬೂಲ್” ಎಂದರು ಮಾಸ್ತರರು. ಊರೆಲ್ಲ ಆಕಾಶಕ್ಕೆ ಕೈ ಮುಗಿಯಿತು. ಇಬ್ಬರೂ ಗೇಟಿನ ಚಕ್ರ ಮುಟ್ಟಿ ಆಣೆ ಮಾಡಿದರು.

ಆಗ ತಿಮ್ಮವ್ವ ಕೇಳಿದಳು, “ಮತ್ತ ಯಾವಾಗ ಬಾಡತದ ತಮ್ಮ?”

“ಮೂರು ದಿನಕ್ಕ ಮೂರು ತಾಸು ಕಡಿಮಿ, ಯವ್ವಾ.” ಮಾಸ್ತರರು ಬೆರಳು ಮಡಚಿದರು. “ಅಂದ್ರ... ಸಂಜಿ ಐದಕ್ಕ.”

“ಐದಕ್ಕ ಸೂರ್ಯ ಇರ್ತಾನಲ್ಲ.”

ಮಾಸ್ತರರು ಮತ್ತೆ ಬೆರಳು ಮಡಚಿದರು. ಅದರ ಮುಂದಿನದು ನಡುಹಗಲು. ಆಮೇಲೆ ಮುಂಜಾನೆ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದರು.

“ಕಣ್ಣಿಗೆ ಕಾಣೂದು... ಹದಿನೇಳು ದಿನಕ್ಕ.”

ಖಂಡಪ್ಪ ರುಮಾಲು ಸುತ್ತಿಕೊಂಡ. ಅವನ ದನಿಯಲ್ಲಿ ಇನ್ನೂ ಭಕ್ತಿಯಿತ್ತು. “ನಡುವ ಎಂದಾರ ಹಗಲಿಗೆ ಕಂಡ್ರ ಹೇಳಿ ಕಳಸ್ರಿ ಮಾಸ್ತರ. ನಾನ ಬಂದು ಗೇಟ್ ತಿರುವ್ತೀನಿ.”

ಜನ ಮೇಲೆ ನೋಡುತ್ತ, ಎಡವುತ್ತ ಮನೆಗೆ ಹೊರಟರು. ಮಾಸ್ತರರು ಒದ್ದೆ ಧೋತರ ಹಿಂಡುತ್ತ ನಿಂತಿದ್ದರು. ದೇವಕಮ್ಮ ಕಂದೀಲು ಎತ್ತಿ ತಮ್ಮ ಹೊಲದ ಕಡೆ ಹಿಡಿದಳು.

“ಹೋಗ್ರಿ” ಎಂದಳು, “ಶೇಂಗಾಕ್ಕೂ ಒಂದು ಮಾತು ತಿಳಿಸಿ ಹೇಳ್ರಿ.”