ಗೂಡು ಕಟ್ಟದ ಹುಳ

ದೊಡ್ಡಮುನಿಯಪ್ಪ ತನ್ನ ಸೊಸೆ ಶಿಲ್ಪಳಿಗೆ ಇನ್ನೂ ಮೂರು ಸಾವಿರ ಹುಳ ಬಾಕಿ ಕೊಡಬೇಕು. ದುಡ್ಡಿನ ಮಾತಲ್ಲ. ಹುಳವನ್ನೇ ಕೊಡಬೇಕು, ಜೀವ ಇರುವ ಹುಳ.

ಬಾಕಿ ಹುಟ್ಟಿದ್ದು ಹೀಗೆ. ಪೇಟೆಯ ಜನ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ಸಾಕುತ್ತಾರೆ. ಆ ಹಲ್ಲಿಗೆ, ಪಂಜರದ ಹಕ್ಕಿಗೆ ತಿನ್ನಲು ಜೀವಂತ ಹುಳ ಬೇಕು. ಶಿಲ್ಪ ರಾಜಘಟ್ಟದ ಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಟಬ್ಬಿಟ್ಟು, ಗೋಧಿ ಬೂಸಾ ಸುರಿದು, ನಾಲ್ಕು ತಿಂಗಳು ಒದ್ದಾಡಿ ಆ ಹುಳ ಬೆಳೆಸಿದ್ದಳು. ದೊಡ್ಡಬಳ್ಳಾಪುರದ ಅಂಗಡಿಯೊಂದು ಶನಿವಾರಕ್ಕೆ ಮೂರು ಸಾವಿರ ಕೇಳಿತ್ತು. ಅವಳ ಮೊದಲ ಆರ್ಡರು. ಹೇಳಿದ ದಿನ ಕೊಟ್ಟರೆ ವಾರವಾರವೂ ನಿಮ್ಮಿಂದಲೇ, ತಪ್ಪಿದರೆ ಬೇರೆಯವರಿದ್ದಾರೆ ಎಂದಿದ್ದ ಅಂಗಡಿಯವನು. ಅಷ್ಟರಲ್ಲಿ ಹೊಸಕೋಟೆಯಲ್ಲಿ ಅವಳ ತಂಗಿಗೆ ಹೆರಿಗೆ. ಬುಧವಾರ ಹೊರಟು ನಿಂತವಳು ಹುಳಕ್ಕೆ ಏನು ಹಾಕಬೇಕು, ಏನು ಹಾಕಬಾರದು ಎಂದು ಹೇಳಲು ಬಾಯಿ ತೆರೆದಳು. ಮಾವ ಕೈ ಅಡ್ಡ ಹಿಡಿದ.

"ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದೋನಮ್ಮ ನಾನು. ವಿಜಯಪುರದ ಗೂಡಿನ ಮಾರ್ಕೆಟ್ಟಲ್ಲಿ ನನ್ನ ಗೂಡು ನೋಡೋಕೆ ಜನ ನಿಲ್ಲೋರು. ನನಗೆ ಹುಳ ಸಾಕೋದು ಹೇಳ್ಕೊಡ್ತೀಯಾ? ಹೋಗ್ಬಾ."

ಅವಳು ಹೋದಳು. ಮನೆಯಲ್ಲಿ ಹುಳದ ಮಡಿ ಜಾರಿಗೆ ಬಂತು. ಚಪ್ಪಲಿ ಬೀದಿಗೆ. ಊದುಬತ್ತಿ ಬಂದ್. ಘಾಟು ಹುಳಕ್ಕಾಗದು ಎಂದು ಒಗ್ಗರಣೆಯೂ ಬಂದ್. ಹೆಂಡತಿ ಅನುಸೂಯಮ್ಮ ಎರಡು ದಿನ ಬೋಳು ಸಾರಿನಲ್ಲಿ ಮುದ್ದೆ ನುಂಗಿದಳು. ಹಲ್ಲಿ ತಿನ್ನೋ ಹುಳಕ್ಕೆ ಇಷ್ಟು ಮರ್ಯಾದೆಯಾ, ನನ್ನ ಬಾಣಂತನದಲ್ಲೂ ಇಷ್ಟು ನಡೀಲಿಲ್ಲವಲ್ಲ ಎಂದಳು. ಹುಳ ಅಂದ್ಮೇಲೆ ಹುಳವೇ ಕಣೆ ಎಂದ ಅವನು.

ಶುಕ್ರವಾರ ಬೆಳಿಗ್ಗೆ ಮೊದಲ ಸಲ ಬೂಸಾ ಕೆದಕಿ ನೋಡಿದ. ಹುಳವೆಲ್ಲ ಹಳದಿ! ರೇಷ್ಮೆ ಹುಳ ಹಳದಿಗೆ ತಿರುಗಿತೆಂದರೆ ಹಣ್ಣಾಯಿತೆಂದೇ ಅರ್ಥ. ತಕ್ಷಣ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಬಿಡದಿದ್ದರೆ ನೂಲೆಲ್ಲ ಹಾಳು. ಈ ಹುಳ ಮೊದಲಿಂದ ಕೊನೆಯವರೆಗೂ ಹಳದಿಯೇ ಎಂದು ಹೇಳಬಲ್ಲವಳು ಹೊಸಕೋಟೆಯಲ್ಲಿದ್ದಳು.

ಅಟ್ಟದ ಮೇಲಿನ ಚಂದ್ರಿಕೆ ಇಳಿಯಿತು. ಗಂಡ ಹೆಂಡತಿ ಕೂತು ಹುಳವನ್ನು ಒಂದೊಂದಾಗಿ ಆರಿಸಿ ಬಿಟ್ಟರು. ಗಾಳಿಯಾಡಲೆಂದು ಹಿತ್ತಲ ಗೋಡೆಗೆ ಒರಗಿಸಿದರು. ಹುಳಕ್ಕೆ ಮೃತ್ಯುವಾದ ಊಜಿ ನೊಣ ಮುಟ್ಟದಿರಲೆಂದು ದೊಡ್ಡಮುನಿಯಪ್ಪ ಎದುರಿಗೆ ಟವೆಲ್ ಹಿಡಿದು, ಗಡಿ ಕಾಯುವ ಸಿಪಾಯಿಯಂತೆ, ಆಕಾಶ ನೋಡುತ್ತ ಕುಳಿತ. ಒಂದು ನೊಣವೂ ಬರಲಿಲ್ಲ. ರೇಷ್ಮೆ ಹುಳವಾದರೆ ಬಿಟ್ಟಲ್ಲೇ ಕಚ್ಚಿಕೊಂಡಿರುತ್ತದೆ. ಇವು ತಟ್ಟಿಯ ಹಿಂದೆ, ಗೋಡೆ ಸಂದಿಯಲ್ಲಿ, ಉದುರುತ್ತಲೇ ಇದ್ದವು. ಆ ಸಂದಿಯಲ್ಲಿ ಅನುಸೂಯಮ್ಮನ ಒಂಬತ್ತು ಕೋಳಿ ಸದ್ದಿಲ್ಲದೆ ಪಂಕ್ತಿಗೆ ಕುಳಿತಿದ್ದವು.

ಮಧ್ಯಾಹ್ನ ಶಿಲ್ಪ ಬಂದಳು. ಮರಿಹುಳದ ಟಬ್ಬಿನ ಪಕ್ಕ ಖಾಲಿ ಟಬ್ಬು, ಖಾಲಿ ಚಂದ್ರಿಕೆ, ಹೆಜ್ಜೆ ಎತ್ತಲಾರದ ಕೋಳಿ, ಎಲ್ಲ ನೋಡಿದಳು. ಕೂಗಾಡಲಿಲ್ಲ.

"ಮಾವ, ಇವು ಗೂಡು ಕಟ್ಟಲ್ಲ."

"ಗೂಡು ಕಟ್ದೆ ಮತ್ತೇನ್ ಮಾಡ್ತವಮ್ಮ?"

"ಏನೂ ಮಾಡಲ್ಲ. ತಿನ್ನಿಸ್ಕೊಳ್ತವೆ."

"ಆ ಕೆಲ್ಸ ಆಗಿದೆ ಬಿಡು," ಎಂದಳು ಅನುಸೂಯಮ್ಮ.

ಶಿಲ್ಪ ಅಂಗಡಿಗೆ ಫೋನ್ ಮಾಡಲೆಂದು ಒಳಗೆ ಹೋದವಳು ನಂಬರು ಒತ್ತದೆ ಹಾಗೇ ಕೂತುಬಿಟ್ಟಳು. ಅದನ್ನು ನೋಡಲಾಗದೆ ದೊಡ್ಡಮುನಿಯಪ್ಪ ಮಾರನೆಯ ದಿನ ತಾನೇ ಬಸ್ಸು ಹತ್ತಿದ. ಅಂಗಡಿಯಲ್ಲಿ ಹಲ್ಲಿಯ ಪೆಟ್ಟಿಗೆ ಮುಂದೆ ಕೈಕಟ್ಟಿ ನಿಂತ. ತಪ್ಪು ನನ್ನದು, ಸೊಸೆಯದಲ್ಲ, ಇನ್ನೊಂದು ಟಬ್ಬಿನಲ್ಲಿ ಮರಿಹುಳ ಇವೆ, ಅವು ಬೆಳೆಯೋಕೆ ಒಂದು ತಿಂಗಳು ಕೊಡಿ ಎಂದು ಕೇಳಿದ. ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಯಜಮಾನ್ರೇ, ನಿಮಗೆ ಹುಳ ಸಾಕಿ ಅನುಭವ ಇದೆಯಾ?"

ಮೂವತ್ತು ವರ್ಷ ಗಂಟಲಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡ.

"ಇಲ್ಲಪ್ಪ. ಸೊಸೆಗಿದೆ. ನಾನು ಅವಳ ಕೈಕೆಳಗೆ ಹೊಸದಾಗಿ ಸೇರಿದೀನಿ."

ತಿಂಗಳು ಸಿಕ್ಕಿತು.

ನೀವು ನಗುತ್ತಿದ್ದೀರಿ. ನಗಿ, ಬೇಡವೆನ್ನುವವರು ಯಾರು? ಆದರೆ ಮೊದಲು ಎದ್ದು ಹೋಗಿ. ಯಾವ ಕೆಲಸದಲ್ಲಿ ನೀವು ಪಂಡಿತರೆಂದು ಮೆರೆಯುತ್ತೀರೋ ಅದೇ ಕೆಲಸದಲ್ಲಿ, ನಿಮ್ಮ ಮನೆಯ ಕಿರಿಯಳ ಮುಂದೆ ನಿಂತು, 'ನನಗೆ ಗೊತ್ತಿಲ್ಲ, ಹೇಳ್ಕೊಡು' ಎಂದು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿ. ಹೇಳಿ ಬಂದು ಆಮೇಲೆ ನಗಿ.