ಸುಡಲಿಕ್ಕೊಂದು, ಕಲಿಯಲಿಕ್ಕೊಂದು

ನಮ್ಮ ಸೋದರತ್ತೆಗೆ ಕೆಡದೆ ಇರುವ ವಸ್ತುಗಳನ್ನು ಕಂಡರೆ ಆಗುವುದಿಲ್ಲ. ನೀವು ನಂಬುವುದಿಲ್ಲ, ಗೊತ್ತು. ನಾನೂ ನಂಬಿರಲಿಲ್ಲ. ನನ್ನ ಮದುವೆಗೆ ಅವರು ಕೊಟ್ಟ ಇಸ್ತ್ರಿಪೆಟ್ಟಿಗೆ ಮೊದಲ ದಿನವೇ ಬಿಸಿಯಾಗಲಿಲ್ಲ. ಹೇಳಲೋ ಬೇಡವೋ ಎಂದು ಸಂಕೋಚಪಡುತ್ತಾ ಹೇಳಿದರೆ, ಅವರು ಕೂತಲ್ಲಿಂದ ಎದ್ದೇ ಬಿಟ್ಟರು. "ಹೌದಾ! ಎಷ್ಟು ಒಳ್ಳೇದಾಯ್ತು! ಸ್ಕ್ರೂಡ್ರೈವರ್ ಎಲ್ಲಿದೆ, ತಾ!" ಹೊಸ ಮದುಮಗಳಿಗೆ ಇಂಥ ಆಶೀರ್ವಾದವನ್ನು ಯಾರಾದರೂ ಮಾಡುತ್ತಾರೆಯೇ?

ಸೋದರತ್ತೆ ಎಂದರೆ ಅಪ್ಪನ ತಂಗಿ. ವಯಸ್ಸು ಎಪ್ಪತ್ತರ ಹತ್ತಿರ. ಜಯನಗರದ ಅವರ ಮನೆಯಲ್ಲಿ ಒಂದು ಯಂತ್ರದ ಮೈಮೇಲೂ ಬಟ್ಟೆಯಿಲ್ಲ. ಮಿಕ್ಸಿಗೆ ತಳವಿಲ್ಲ, ರೇಡಿಯೋಗೆ ಬೆನ್ನಿಲ್ಲ. ಫ್ರಿಜ್ಜಿಗೆ ಮಾತ್ರ ಬಾಗಿಲಿದೆ, ಅದೂ ಹಾಲು ಕೆಡುತ್ತದೆಂದು. ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಯಾವಾಗಲೋ ಕಿತ್ತಿದ್ದಾರೆ. ಬಂದವರು ಜೋತಾಡುವ ಎರಡು ವೈರುಗಳನ್ನು ತಾವೇ ಕೂಡಿಸಿ ಬೆಲ್ ಮಾಡಬೇಕು. "ಬ್ಯಾಟರಿ ಬೆಲ್ಲು ಕಣೇ, ಏನೂ ಆಗಲ್ಲ" ಎಂದು ಅವರೇನೋ ಹೇಳುತ್ತಾರೆ. ಆದರೆ ಅದನ್ನು ಕೊರಿಯರ್ ಹುಡುಗರಿಗೆ ಹೇಳುವವರು ಯಾರು? ಅವರು ಬೀದಿಯಲ್ಲೇ ನಿಂತು "ಆಂಟೀ!" ಎಂದು ಕೂಗಿ ಪಾರ್ಸೆಲ್ಲನ್ನು ಕಾಂಪೌಂಡಿನೊಳಗೆ ಎಸೆದು ಓಡುತ್ತಾರೆ.

ಅತ್ತೆಯದೂ ತಪ್ಪಲ್ಲ ಬಿಡಿ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕೂತು ಟೆಲಿಫೋನಿನ ಬೋರ್ಡುಗಳಿಗೆ ಸೀಸ ಕರಗಿಸಿ ಸೋಲ್ಡರ್ ಹಾಕಿದವರು. ಉದ್ದನೆಯ ಮೇಜು, ಸಾಲಾಗಿ ಕೂತ ಹೆಂಗಸರು, ಎಲ್ಲರ ಕೈಯಲ್ಲೂ ಕಾದ ಕಡ್ಡಿ. ಅವರ ಹಳೆಯ ಕಾಟನ್ ಸೀರೆಗಳನ್ನು ಬಿಚ್ಚಿ ನೋಡಿದರೆ ಮಡಿಲಿನ ಜಾಗದಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು. ಸೀಸ ಬಿದ್ದು ಆದದ್ದು. ಅದನ್ನವರು ಬೇರೆಯವರು ಜರತಾರಿ ಅಂಚು ತೋರಿಸುವ ಹಾಗೆ ಹೆಮ್ಮೆಯಿಂದ ತೋರಿಸುತ್ತಾರೆ!

ಇಂಥವರ ಬಳಿ ನಾನು ಫೋನಿನಲ್ಲಿ ಬಾಯಿತಪ್ಪಿ, "ಮಗಳಿಗೊಂದು ಎಲೆಕ್ಟ್ರಾನಿಕ್ಸ್ ಕಿಟ್ ತಗೋಬೇಕು ಅತ್ತೆ, ಕೋಡಿಂಗೂ ಕಲೀಬಹುದಂತೆ, ಯಾವುದು ಅಂತ ಗೊತ್ತಾಗ್ತಿಲ್ಲ" ಎಂದುಬಿಟ್ಟೆ. ಮರುದಿನ ಬೆಳಗ್ಗೆ ಹೊಸಕೆರೆಹಳ್ಳಿಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಅತ್ತೆ ಹಾಜರ್, ಕೈಯಲ್ಲಿ ಚೀಲ.

ಸಂಗತಿ ಏನೆಂದರೆ, ಒಂದು ಕಾಲಕ್ಕೆ ನನ್ನ ಒಂಬತ್ತು ವರ್ಷದ ಮಗಳ ಕೈಗೆ ಸಿಕ್ಕಿದ್ದು ಇಡಿಯಾಗಿ ಉಳಿಯುತ್ತಿರಲಿಲ್ಲ. ಟಾರ್ಚು, ಅಲಾರಂ, ಮಾತಾಡುವ ಗೊಂಬೆ, ಎಲ್ಲದರ ಹೊಟ್ಟೆಯನ್ನೂ ಬಗೆದಿದ್ದಳು. ಒಂದು ದಿನ ವೈಫೈ ರೌಟರನ್ನು ಬಿಚ್ಚಿದಳು. ಆಗ ಅವಳಪ್ಪ ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದರು, ನಾನು ಬ್ಯಾಂಕಿನಿಂದ ಆಗತಾನೇ ಸೋತು ಬಂದಿದ್ದೆ. ನಾಲ್ಕು ಮಾತು ಅಂದೆ. ಯಾವ ತಾಯಿ ಅನ್ನುವುದಿಲ್ಲ, ಹೇಳಿ? ಆದರೆ ಅಂದಿನಿಂದ ಮಗಳು ಏನನ್ನೂ ಮುಟ್ಟುವುದನ್ನೇ ಬಿಟ್ಟಳು. ಟಿ.ವಿ. ರಿಮೋಟಿಗೆ ಸೆಲ್ ಹಾಕು ಎಂದರೂ, "ನೀನೇ ಹಾಕಮ್ಮ, ಹಾಳಾಗುತ್ತೆ." ಜೆ.ಪಿ. ನಗರದ ಒಂದು ಕ್ಲಾಸಿಗೆ ಟ್ರಯಲ್‌ಗೆಂದು ಕರೆದುಕೊಂಡು ಹೋದರೆ, ಒಂದು ಗಂಟೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಅಲ್ಲಿನ ಮಿಸ್ ನನ್ನನ್ನು ಪಕ್ಕಕ್ಕೆ ಕರೆದು, "ಇಂಟರೆಸ್ಟ್ ಇಲ್ಲ ಅನ್ಸುತ್ತೆ ಮೇಡಂ, ಡ್ಯಾನ್ಸ್ ಟ್ರೈ ಮಾಡಿ" ಎಂದರು. ಆವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಸರಿಯಾದ ಕಿಟ್ ಸಿಕ್ಕರೆ ಹಳೆಯ ಮಗಳು ವಾಪಸ್ ಬರುತ್ತಾಳೆ ಎಂದು ನಂಬಿಕೊಂಡೆ.

ನನ್ನ ಗಂಡ ಕೂಡಲೇ ಎಕ್ಸೆಲ್ ಶೀಟ್ ಮಾಡಿದರು. ಹದಿನಾಲ್ಕು ಕಾಲಂ! ಯಾವುದರಲ್ಲಿ ಬಣ್ಣದ ಬ್ಲಾಕುಗಳನ್ನು ಎಳೆದು ಜೋಡಿಸಿದರೆ ಕೋಡ್ ಆಗುತ್ತದೆ, ಯಾವುದರಲ್ಲಿ ಟೈಪ್ ಮಾಡಬೇಕು, ಯಾವುದರ ಜೊತೆ ಎಷ್ಟು ಸೆನ್ಸರ್ ಬರುತ್ತವೆ, ಎಲ್ಲವೂ. ಅತ್ತೆ ಕನ್ನಡಕ ಏರಿಸಿ ಅದನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆಯಪ್ಪಾ, ನಿನ್ನ ಜಾತಕ. ನಡಿಯೇ, ಹುಡುಗನ್ನ ನೋಡ್ಕೊಂಡು ಬರೋಣ" ಎಂದು ನನ್ನನ್ನೂ ಮಗಳನ್ನೂ ಆಟೋ ಹತ್ತಿಸಿದರು.

ಮೊದಲ ಅಂಗಡಿ ಜಯನಗರದಲ್ಲಿ. ಏಸಿ, ಬಲೂನು, ಟೈ ಕಟ್ಟಿದ ಹುಡುಗ. ಅಯಸ್ಕಾಂತದಿಂದ ಅಂಟಿಕೊಳ್ಳುವ ಬಣ್ಣಬಣ್ಣದ ತುಂಡುಗಳನ್ನು ಮೇಜಿನ ಮೇಲೆ ಸುರಿದು ಆತ ಶುರುಮಾಡಿದ.

"ಇದು ಫುಲ್ ಸೇಫ್ ಆಂಟಿ. ಮಗು ಹೆಂಗೆ ಜೋಡಿಸಿದ್ರೂ ಏನೂ ಆಗಲ್ಲ."

"ತಪ್ಪಾಗಿ ಜೋಡಿಸಿದ್ರೆ?"

"ಏನೂ ಆಗಲ್ಲ."

"ಉಲ್ಟಾ ಜೋಡಿಸಿದ್ರೆ?"

"ಏನ್ ಮಾಡಿದ್ರೂ ಏನೂ ಆಗಲ್ಲ ಆಂಟಿ!"

"ಮತ್ತೆ ಯಾಕಪ್ಪಾ ಮಾಡ್ಬೇಕು?"

ಹುಡುಗ ತುಂಡುಗಳನ್ನೆಲ್ಲ ವಾಪಸ್ ಡಬ್ಬಿಗೆ ತುಂಬತೊಡಗಿದ. ಅವನ ಟ್ರೈನಿಂಗಿನಲ್ಲಿ ಈ ಪ್ರಶ್ನೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಅಂಗಡಿಯಲ್ಲಿ ನಡೆದದ್ದನ್ನು ಹೇಳಲು ನನಗೆ ಈಗಲೂ ನಾಚಿಕೆ. ಅಲ್ಲೊಂದು ಬಿಳಿ ರೋಬೋ ಇತ್ತು. ಟ್ಯಾಬಿನಲ್ಲಿ ಹೇಳಿದಂತೆ ಕುಣಿಯುತ್ತದೆ, ಕಣ್ಣು ಮಿಟುಕಿಸುತ್ತದೆ. ನಾನು ಸೋತೇ ಹೋದೆ. ಬಿಲ್ ಮಾಡಿಸೋಣ ಎಂದು ತಿರುಗುವಷ್ಟರಲ್ಲಿ ಅತ್ತೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ರೋಬೋವನ್ನು ಮಕಾಡೆ ಮಲಗಿಸಿ ಬೆನ್ನು ಬಿಚ್ಚುತ್ತಿದ್ದರು! ಅಂಗಡಿಯವಳು ಓಡಿ ಬಂದಳು.

"ಮೇಡಂ! ಮೇಡಂ! ಬಿಚ್ಚಿದ್ರೆ ವಾರಂಟಿ ಹೋಗುತ್ತೆ!"

"ಹೋಗ್ಲಿ ಬಿಡಮ್ಮ. ಇಟ್ಕೊಂಡು ಉಪ್ಪಿನಕಾಯಿ ಹಾಕ್ಬೇಕಾ?"

ಸೆಕ್ಯುರಿಟಿಯವರು ಬಂದರು. ಅತ್ತೆ ಅವರನ್ನೇ "ಟಾರ್ಚ್ ಇದ್ರೆ ಸ್ವಲ್ಪ ಬಿಡಿ ಅಣ್ಣ, ಒಳಗೆ ಕಾಣ್ತಿಲ್ಲ" ಎಂದು ಕೇಳಿದರು. ಆ ಪುಣ್ಯಾತ್ಮರು ಬಿಟ್ಟೂ ಬಿಟ್ಟರು! ಒಳಗೆಲ್ಲ ಗಟ್ಟಿ ಅಂಟು ಸುರಿದು ಮುಚ್ಚಿದ್ದರಂತೆ. "ಇದು ಕಲಿಸೋದಲ್ಲ, ಬಚ್ಚಿಡೋದು" ಎಂದು ತೀರ್ಪು ಕೊಟ್ಟು, ಒಂದು ಸ್ಕ್ರೂ ಸಹ ಬಿಡದೆ ಮತ್ತೆ ಮುಚ್ಚಿ, ರೋಬೋವನ್ನು ಕುಣಿಸಿ ತೋರಿಸಿಯೇ ಹೊರಬಂದರು. ನಾನು ಅಷ್ಟು ಹೊತ್ತಿಗೆ ಮಗಳ ಕೈ ಹಿಡಿದುಕೊಂಡು, ಇವರು ಯಾರೋ ಗೊತ್ತಿಲ್ಲ ಎಂಬ ಮುಖದಲ್ಲಿ ಫುಟ್‌ಪಾತಿನಲ್ಲಿದ್ದೆ.

ಕೊನೆಗೆ ಅತ್ತೆ ಕರೆದುಕೊಂಡು ಹೋದದ್ದು ತಿಲಕ್ ನಗರದ ಒಳರಸ್ತೆಯ ಒಂದು ಇಕ್ಕಟ್ಟು ಅಂಗಡಿಗೆ. ಗೋಡೆ ತುಂಬ ಪುಟ್ಟ ಪುಟ್ಟ ಡಬ್ಬಿಗಳು, ನಡುವೆ ಒಬ್ಬ ಯಜಮಾನರು. ಅವರು ಅಂಗೈಯಷ್ಟಗಲದ ಒಂದು ನೀಲಿ ಬೋರ್ಡನ್ನು ಮುಂದಿಟ್ಟರು. ಮೇಲೆ ಡಬ್ಬಿಯಿಲ್ಲ, ಬಣ್ಣವಿಲ್ಲ, ಕಣ್ಣು ಮಿಟುಕಿಸುವುದಂತೂ ಇಲ್ಲವೇ ಇಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೋಡ್ ಕಳಿಸಿದರೆ ಹೇಳಿದ ಕೆಲಸ ಮಾಡುತ್ತದೆ, ಅಷ್ಟೇ. ಅತ್ತೆಯ ಮುಖ ಅರಳಿತು.

"ಇದು ಸುಟ್ಟೋಗುತ್ತಾ?"

"ಪ್ಲಸ್ಸು ಮೈನಸ್ಸು ಸರಿಯಾಗಿ ಕೊಡ್ಲಿಲ್ಲ ಅಂದ್ರೆ ಸುಟ್ಟೋಗುತ್ತೆ ಅಕ್ಕ."

"ಗ್ಯಾರಂಟಿ ತಾನೇ?"

"ಗ್ಯಾರಂಟಿ."

"ಹಾಗಾದ್ರೆ ಎರಡು ಕೊಡಿ. ಸುಡೋಕೊಂದು, ಕಲಿಯೋಕೊಂದು."

ಸುಟ್ಟುಹೋಗುವುದಕ್ಕೆ ಗ್ಯಾರಂಟಿ ಕೇಳಿ ಸಾಮಾನು ಕೊಂಡವರನ್ನು ನೀವು ನೋಡಿದ್ದೀರಾ? ಯಜಮಾನರಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಎಲ್‌ಇಡಿ ದೀಪಗಳನ್ನು ಕಡಲೆಕಾಯಿಯಂತೆ ಪೊಟ್ಟಣ ಕಟ್ಟಿ, ಎರಡು ಮೂರು ಬ್ಯಾಟರಿ ಸೇರಿಸಿ ಕೊಟ್ಟರು. ಮನೆಗೆ ಬಂದು ಹೇಳಿದಾಗ ನನ್ನ ಗಂಡ ಎಕ್ಸೆಲ್ ತೆರೆದು ಹದಿನೈದನೆಯ ಕಾಲಂ ಸೇರಿಸಿದರು: 'ಸುಡುತ್ತದೆಯೇ?'

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುಹೂರ್ತ. ಅತ್ತೆ ಹಾಲಿನ ನಡುವೆ ಮಣೆ ಹಾಕಿ ಮಗಳನ್ನು ಕೂರಿಸಿದರು. ಅಕ್ಷರಾಭ್ಯಾಸಕ್ಕೆ ತಟ್ಟೆಯಲ್ಲಿ ಅಕ್ಕಿ ಹರಡುವಂತೆ ಮೊರದಲ್ಲಿ ಎಲ್‌ಇಡಿಗಳನ್ನು ಹರಡಿದರು. ಎಲ್ಲರೂ ಕಣ್ಣಿಗೆ ಏನಾದರೂ ಹಾಕಿಕೊಳ್ಳಬೇಕೆಂದು ಆಜ್ಞೆಯಾಯಿತು. ಮಗಳಿಗೆ ಈಜುವ ಕನ್ನಡಕ, ನನಗೂ ಗಂಡನಿಗೂ ಕೂಲಿಂಗ್ ಗ್ಲಾಸು. ಎದುರು ಫ್ಲ್ಯಾಟಿನವರು ಮೊಸರಿಗೆ ಹೆಪ್ಪು ಕೇಳಲು ಬಂದು, ನಮ್ಮನ್ನು ನೋಡಿ, ಕೇಳದೆಯೇ ವಾಪಸ್ ಹೋದರು.

"ಪುಟ್ಟಿ, ಈ ದೀಪದ ಎರಡೂ ಕಾಲನ್ನ ನೇರ ಈ ಬ್ಯಾಟರಿಗೆ ಹಿಡಿ."

"ಹಾಳಾಗುತ್ತೆ ಅಜ್ಜಿ."

"ಹಾಳಾಗ್ಲಿ ಅಂತಾನೇ."

ಮಗಳ ಕೈಗಳು ತೊಡೆಯ ಕೆಳಗಿಂದ ಬರಲಿಲ್ಲ. ತಲೆ ತಗ್ಗಿಸಿಕೊಂಡು ಮೆಲ್ಲಗೆ ಹೇಳಿದಳು: "ಅಮ್ಮ ಹೇಳಿದ್ದಾಳೆ, ಇನ್ನೊಂದ್ಸಲ ಏನಾದ್ರೂ ಮುಟ್ಟಿದ್ರೆ ಕೈ ಮುರೀತೀನಿ ಅಂತ. ನೀನು ಮುಟ್ಟಿದ್ದೆಲ್ಲ ಹಾಳೇ ಅಂತ."

ಅದೇ ಆ ನಾಲ್ಕು ಮಾತು. ನಾನು ಮರೆತೇಬಿಟ್ಟಿದ್ದೆ. ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ. ಆ ದಿನ ಕೂಲಿಂಗ್ ಗ್ಲಾಸ್ ಇದ್ದದ್ದು ಒಳ್ಳೆಯದೇ ಆಯಿತು.

ಅತ್ತೆ ನನ್ನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ಮಗಳ ಪಕ್ಕ ನೆಲದ ಮೇಲೆ ಕೂತರು. "ಕಾರ್ಖಾನೆ ಸೇರಿದ ಮೊದಲ್ನೇ ವಾರ ನಾನೂ ಹೀಗೇ ಕೈ ಮಡಿಲಲ್ಲಿಟ್ಕೊಂಡು ಕೂತಿದ್ದೆ ಪುಟ್ಟಿ. ಒಂದು ಬೋರ್ಡ್ ಸುಟ್ರೂ ಮನೆಗೆ ಕಳಿಸ್ತಾರೆ ಅಂತ ಭಯ. ನಮ್ಮ ಸೂಪರ್‌ವೈಸರಮ್ಮ ಬಂದು ಪಕ್ಕದಲ್ಲಿ ಕೂತ್ರು. ತಾವೇ ಬೇಕು ಬೇಕು ಅಂತ ಒಂದು ಸುಟ್ರು. 'ನೋಡು, ನಾನಿನ್ನೂ ಇಲ್ಲೇ ಇದೀನಿ' ಅಂದ್ರು." ಇಷ್ಟು ಹೇಳಿ ಬ್ಯಾಟರಿಯನ್ನೂ ಒಂದು ಎಲ್‌ಇಡಿಯನ್ನೂ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಮೊದಲು ನೀನು."

"ನಾನಾ ಅತ್ತೆ?"

"ಮತ್ತಿನ್ಯಾರು?"

ಹಿಡಿದೆ. ಕ್ಷಣ ಜಗ್ಗನೆ ಬೆಳಗಿ 'ಟಪ್' ಎಂದಿತು. ನಾನು ಕಿಟಾರನೆ ಕಿರುಚಿದೆ. ಸುಟ್ಟ ವಾಸನೆ ಹಾಲೆಲ್ಲ ತುಂಬಿತು. ಮಗಳು ಎಲ್‌ಇಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಮ್ಮಾ, ಹಾಳಾಯ್ತು."

"ಹೌದು ಕಂದಾ, ಹಾಳಾಯ್ತು. ನಾನೇ ಮಾಡಿದ್ದು."

ಅವಳು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಆಮೇಲೆ ಮೊರಕ್ಕೆ ಕೈ ಚಾಚಿದಳು. ಸಂಜೆಯೊಳಗೆ ಏಳು ದೀಪ ಸುಟ್ಟಿದ್ದಳು. ಎಂಟನೆಯದು ಯಾಕೆ ಸುಡಲಿಲ್ಲ ಎಂದರೆ, ನಡುವೆ ಕರೆಂಟಿನ ಹರಿವನ್ನು ತಗ್ಗಿಸುವ ಒಂದು ರೆಸಿಸ್ಟರ್ ಹಾಕುವುದನ್ನು ಕಲಿತಿದ್ದಳು. ನೀಲಿ ಬೋರ್ಡಿಗೆ ಕೋಡ್ ಬರೆಯುವ ಹೊತ್ತಿಗೆ ಅಜ್ಜಿಯೇ ಶಿಷ್ಯೆ. "ಸಾವಿರ ಅಂತ ಬರೆದ್ರೆ ದೀಪ ಒಂದು ಸೆಕೆಂಡ್ ಉರಿಯುತ್ತೆ ಅಜ್ಜಿ, ತಿರ್ಗಾ ಮರೀಬೇಡಿ" ಎಂದು ಗದರಿಸಿಕೊಳ್ಳುತ್ತಾ, ನಮ್ಮ ಅತ್ತೆ ಕೈಕಟ್ಟಿ ಕೂತಿದ್ದರು. ಇಷ್ಟು ವರ್ಷ ಈ ಹೆಂಗಸನ್ನು ನೋಡಿ ನಕ್ಕಿದ್ದೆನಲ್ಲ ಎಂದುಕೊಂಡೆ.

ಹತ್ತು ದಿನ ಕಳೆದಿರಬೇಕು. ಬನಶಂಕರಿಯ ನಮ್ಮ ಬ್ಯಾಂಕಿನಲ್ಲಿ ಕೌಂಟರಿನ ಮುಂದೆ ಉದ್ದ ಸಾಲು. ಮನೆಯಿಂದ ಫೋನು.

"ಅಮ್ಮಾ! ಬೋರ್ಡ್ ಸುಟ್ಟೋಯ್ತು! ನಾನೇ ಸುಟ್ಟೆ!"

ಎದುರಿಗೆ ಪಾಸ್‌ಬುಕ್ ಹಿಡಿದ ಹಿರಿಯರು ಕಾಯುತ್ತಿದ್ದರು. "ಕೈಗೇನೂ ಆಗಿಲ್ಲ ತಾನೇ ಕಂದಾ? ಅಜ್ಜಿಗೆ ಹೇಳಿದ್ಯಾ?"

"ಏನೂ ಆಗಿಲ್ಲ. ಅಜ್ಜಿಗೆ ಇನ್ನೂ ಹೇಳಿಲ್ಲ, ನಿಂಗೇ ಫಸ್ಟು. ಬೇಗ ಬಾಮ್ಮಾ, ಯಾಕೆ ಸುಟ್ಟೋಯ್ತು ಅಂತ ತೋರಿಸ್ತೀನಿ!"